ಎಂಟೇ ದೇಶಗಳ ವಿಶ್ವಕಪ್

1930ರಿಂದ 2022ರವರೆಗೆ ಪುರುಷರ ಫುಟ್‌ಬಾಲ್ ವಿಶ್ವಕಪ್ 22 ಸಲ ನಡೆದಿದೆ. ಗೆದ್ದ ದೇಶಗಳು ಎಂಟೇ. ಬ್ರೆಜಿಲ್ ಐದು ಸಲ, ಜರ್ಮನಿ ಮತ್ತು ಇಟಲಿ ನಾಲ್ಕು ನಾಲ್ಕು ಸಲ, ಅರ್ಜೆಂಟೀನಾ ಮೂರು ಸಲ, ಉರುಗ್ವೆ ಮತ್ತು ಫ್ರಾನ್ಸ್ ಎರಡೆರಡು ಸಲ, ಇಂಗ್ಲೆಂಡ್ ಮತ್ತು ಸ್ಪೇನ್ ಒಂದೊಂದು ಸಲ. ಯುರೋಪ್ ಮತ್ತು ದಕ್ಷಿಣ ಅಮೆರಿಕದ ಆಚೆಗಿನ ಒಂದು ದೇಶವೂ ಗೆಲ್ಲುವುದಿರಲಿ, ಫೈನಲ್ ಪಂದ್ಯವನ್ನೂ ಆಡಿಲ್ಲ. ಸೆಮಿಫೈನಲ್ ತನಕ ಬಂದವು ಮೂರೇ: 1930ರಲ್ಲಿ ಅಮೆರಿಕ, 2002ರಲ್ಲಿ ದಕ್ಷಿಣ ಕೊರಿಯಾ, 2022ರಲ್ಲಿ ಮೊರಾಕ್ಕೊ. ಫಿಫಾದ ಸದಸ್ಯ ಸಂಘಗಳು ಇನ್ನೂರು ದಾಟಿವೆ. ಒಂದು ಚೆಂಡು, ಒಂದು ಬಯಲು ಇದ್ದರೆ ಸಾಕು ಎನ್ನಿಸುವ ಆಟ ಇದು. ಇಷ್ಟು ಅಗ್ಗದ, ಇಷ್ಟು ಹರಡಿಕೊಂಡಿರುವ ಆಟದ ಕಿರೀಟ ಇಷ್ಟು ಕಡಿಮೆ ಮನೆಗಳಲ್ಲೇ ಏಕೆ ಉಳಿಯಿತು?

ವಿಶ್ವಕಪ್ ಬಂದಾಗಲೆಲ್ಲ ಇದಕ್ಕೆ ಸಿದ್ಧ ಉತ್ತರಗಳು ಕೇಳಿಬರುತ್ತವೆ. ಬ್ರೆಜಿಲ್‌ನವರಿಗೆ ಆಟ ರಕ್ತದಲ್ಲೇ ಇದೆ, ಜರ್ಮನ್ನರಿಗೆ ಶಿಸ್ತು ಹುಟ್ಟುಗುಣ, ನಮ್ಮವರಿಗೆ ಮೈಕಟ್ಟಿಲ್ಲ ಎನ್ನುತ್ತಾರೆ. ಧಾರವಾಡದ ಸೀಮೆಯಲ್ಲಿ ಅಷ್ಟೊಂದು ಹಿಂದೂಸ್ತಾನಿ ಗಾಯಕರು ಬೆಳೆದದ್ದಕ್ಕೆ ಅಲ್ಲಿನ ನೀರೇ ಕಾರಣ ಎನ್ನುವವರು ಈಗಲೂ ಇದ್ದಾರಲ್ಲ, ಹಾಗೆ. ಆದರೆ ಅಬ್ದುಲ್ ಕರೀಂ ಖಾನರು ಮೈಸೂರು ದರ್ಬಾರಿಗೆ ಹೋಗಿಬರುವಾಗ ಆ ಸೀಮೆಯಲ್ಲಿ ತಂಗದಿದ್ದರೆ, ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರಾಗದಿದ್ದರೆ, ಹುಬ್ಬಳ್ಳಿಯ ಗಂಗೂಬಾಯಿ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಳ್ಳದಿದ್ದರೆ, ಆ ನೀರು ಯಾರ ಕಂಠದಲ್ಲೂ ಹಾಡಾಗುತ್ತಿರಲಿಲ್ಲ. ಕಲಿಸುವವರು ಊರಿಗೆ ಬಂದರು, ಕಲಿಯುವವರಿಗೆ ಬಾಗಿಲು ತೆರೆದಿತ್ತು, ಕಲಿತವರು ಮುಂದಿನವರಿಗೆ ಕಲಿಸಿದರು. ಫುಟ್‌ಬಾಲ್‌ನಲ್ಲಿ ಮತ್ತೆ ಮತ್ತೆ ಗೆಲ್ಲುವ ದೇಶಗಳ ಕಥೆಯೂ ಇದೇ. ಅಲ್ಲಿ ಕಲಿಸುವ ಸರಪಳಿ ತಲೆಮಾರುಗಳಿಂದ ಕಡಿದಿಲ್ಲ, ಮತ್ತು ಆ ಸರಪಳಿಯ ಮೊದಲ ಕೊಂಡಿಗೆ ಕೈ ಹಾಕಲು ಬಡವರ ಮಕ್ಕಳಿಗೂ, ಹೊರಗಿನಿಂದ ಬಂದವರ ಮಕ್ಕಳಿಗೂ ಅವಕಾಶವಿದೆ. ಎರಡರಲ್ಲಿ ಒಂದು ತಪ್ಪಿದರೂ ದೊಡ್ಡ ದೇಶಗಳೇ ಬಿದ್ದಿವೆ.

ಜನಸಂಖ್ಯೆ ಮತ್ತು ಹಣದ ವಾದವನ್ನು ಬೇಗ ಮುಗಿಸಬಹುದು. 140 ಕೋಟಿ ಜನರ ಚೀನಾ 2002ರ ವಿಶ್ವಕಪ್‌ವರೆಗೆ ಕಾಯಬೇಕಾಯಿತು. ಅಲ್ಲಿ ಮೂರು ಪಂದ್ಯ ಸೋತು, ಒಂದು ಗೋಲನ್ನೂ ಹೊಡೆಯದೆ ವಾಪಸಾಯಿತು. ಆಮೇಲೆ ಅಧ್ಯಕ್ಷರ ಮಟ್ಟದಿಂದಲೇ ಯೋಜನೆ ಇಳಿಯಿತು, ರಿಯಲ್ ಎಸ್ಟೇಟ್ ಕಂಪನಿಗಳು ಕ್ಲಬ್‌ಗಳಿಗೆ ಹಣ ಸುರಿದವು, ಯುರೋಪಿನಿಂದ ದುಬಾರಿ ಆಟಗಾರರು ಬಂದರು. ಕಂಪನಿಗಳು ಮುಳುಗಿದಾಗ ಕ್ಲಬ್‌ಗಳೂ ಮುಳುಗಿದವು. ಚೀನಾ ಮತ್ತೆ ವಿಶ್ವಕಪ್‌ಗೆ ಅರ್ಹತೆ ಪಡೆದಿಲ್ಲ. ಅಮೆರಿಕಕ್ಕೆ ಜನವೂ ಇದೆ, ಹಣವೂ ಇದೆ. ಆದರೆ ಅಲ್ಲಿ ಮಕ್ಕಳು ಒಳ್ಳೆಯ ಕ್ಲಬ್ ಸೇರಲು ಅಪ್ಪ ಅಮ್ಮ ದೊಡ್ಡ ಶುಲ್ಕ ಕಟ್ಟಬೇಕು. ಕಟ್ಟಲಾಗದ ಮನೆಯ ಹುಡುಗ ಹೊರಗೇ ಉಳಿಯುತ್ತಾನೆ. ಸೈಮನ್ ಕೂಪರ್ ಮತ್ತು ಸ್ಟೀಫನ್ ಶಿಮಾನ್ಸ್ಕಿ ಬರೆದ ‘ಸಾಕರ್‌ನಾಮಿಕ್ಸ್’ ಪುಸ್ತಕ ಗೆಲುವಿಗೆ ಮೂರು ಅಂಶಗಳನ್ನು ಲೆಕ್ಕ ಹಾಕುತ್ತದೆ: ಜನಸಂಖ್ಯೆ, ಆದಾಯ, ಅಂತರರಾಷ್ಟ್ರೀಯ ಪಂದ್ಯಗಳ ಅನುಭವ. ನನ್ನ ದೃಷ್ಟಿಯಲ್ಲಿ ಮೊದಲೆರಡು ಅಂಶಗಳಿಗಿಂತ ಮೂರನೆಯದರ ಒಳಗೆ ಏನಿದೆ ಎಂದು ಬಿಡಿಸಿ ನೋಡುವುದೇ ಮುಖ್ಯ. ಅದಕ್ಕೆ ಉರುಗ್ವೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

ಉರುಗ್ವೆಯ ಜನಸಂಖ್ಯೆ ಈಗ ಸುಮಾರು 35 ಲಕ್ಷ, ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಮೊದಲ ವಿಶ್ವಕಪ್ ಗೆದ್ದಾಗ ಅದು 20 ಲಕ್ಷವನ್ನೂ ಮುಟ್ಟಿರಲಿಲ್ಲ. ಆಟವನ್ನು ಅಲ್ಲಿಗೆ ತಂದವರು ಇಂಗ್ಲಿಷರು. ಇಂದಿನ ಪೆನ್ಯಾರೋಲ್ ಕ್ಲಬ್ 1891ರಲ್ಲಿ ರೈಲ್ವೆ ಕಂಪನಿಯ ನೌಕರರ ಕ್ಲಬ್ಬಾಗಿ ಶುರುವಾಯಿತು. 1899ರಲ್ಲಿ ಸ್ಥಳೀಯ ವಿದ್ಯಾರ್ಥಿಗಳು ಸೇರಿ ನ್ಯಾಸಿಯೊನಾಲ್ ಕಟ್ಟಿದರು. ಇದೆಲ್ಲ ಬೇರೆ ದೇಶಗಳಲ್ಲೂ ಆಯಿತು. ನಮ್ಮ ಕೋಲ್ಕತ್ತದಲ್ಲಿ ಮೋಹನ್ ಬಗಾನ್ ಹುಟ್ಟಿದ್ದು ಅದಕ್ಕೂ ಮೊದಲು, 1889ರಲ್ಲಿ. ಉರುಗ್ವೆಯಲ್ಲಿ ಬೇರೆಯಾಗಿದ್ದದ್ದು ಸಮಾಜ. 1877ರಲ್ಲೇ ಅಲ್ಲಿ ಉಚಿತ, ಕಡ್ಡಾಯ ಶಿಕ್ಷಣದ ಕಾನೂನು ಬಂತು. 1915ರಲ್ಲಿ ದಿನಕ್ಕೆ ಎಂಟು ಗಂಟೆ ದುಡಿಮೆಯ ಕಾನೂನು ಬಂತು. ಕೂಲಿಕಾರನಿಗೆ ಸಂಜೆ ಆಡಲು ಹೊತ್ತು ಸಿಕ್ಕಿತು, ಅವನ ಮಗನಿಗೆ ಶಾಲೆ ಸಿಕ್ಕಿತು.

ಇನ್ನೂ ದೊಡ್ಡ ಸಂಗತಿ ಎಂದರೆ 1916ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ಮೊದಲ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ಗೆ ಉರುಗ್ವೆ ಇಬ್ಬರು ಕಪ್ಪು ಆಟಗಾರರನ್ನು ಕರೆದೊಯ್ದಿತು: ಇಸಾಬೆಲಿನೊ ಗ್ರಾದಿನ್ ಮತ್ತು ಹುವಾನ್ ಡೆಲ್ಗಾಡೊ. 0-4ರಿಂದ ಸೋತ ಚಿಲಿ, ಉರುಗ್ವೆ ಆಫ್ರಿಕನ್ನರನ್ನು ಆಡಿಸಿದೆ ಎಂದು ದೂರು ಕೊಟ್ಟಿತು. ಆ ಟೂರ್ನಿಯನ್ನು ಉರುಗ್ವೆ ಗೆದ್ದಿತು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ತಂಡದ ತಾರೆ ಕಪ್ಪು ಆಟಗಾರ ಹೊಸೆ ಲಿಯಾಂಡ್ರೊ ಆಂಡ್ರಾಡೆ. ಅದೇ 1924ರಲ್ಲಿ ರಿಯೊ ಡಿ ಜನೈರೊದ ದೊಡ್ಡ ಕ್ಲಬ್‌ಗಳು ಹೊಸ ಲೀಗ್ ಕಟ್ಟಿಕೊಂಡು, ಹಿಂದಿನ ವರ್ಷ ಪ್ರಶಸ್ತಿ ಗೆದ್ದಿದ್ದ ವಾಸ್ಕೊ ಡ ಗಾಮ ಕ್ಲಬ್ ತನ್ನ ಕಪ್ಪು ಹಾಗೂ ಕೂಲಿಕಾರ ಆಟಗಾರರನ್ನು ಕೈಬಿಡಬೇಕೆಂದು ಪಟ್ಟು ಹಿಡಿದಿದ್ದವು. ವಾಸ್ಕೊ ಒಪ್ಪಲಿಲ್ಲ. ಬ್ರೆಜಿಲ್ ತನ್ನ ಮಕ್ಕಳಲ್ಲಿ ಅರ್ಧದಷ್ಟು ಜನರನ್ನು ಹೊರಗಿಡಬೇಕೇ ಬೇಡವೇ ಎಂದು ಜಗಳವಾಡುತ್ತಿದ್ದ ಹೊತ್ತಿನಲ್ಲಿ ಪಕ್ಕದ ಪುಟ್ಟ ಉರುಗ್ವೆ ಎಲ್ಲರನ್ನೂ ಒಳಗೆ ಕರೆದು ಜಗತ್ತನ್ನು ಗೆಲ್ಲುತ್ತಿತ್ತು. ಬ್ರೆಜಿಲ್ ಮೊದಲ ವಿಶ್ವಕಪ್ ಗೆದ್ದದ್ದು 1958ರಲ್ಲಿ. ಆ ತಂಡದಲ್ಲಿ ಪೆಲೆ, ಗರಿಂಚಾ, ಡಿಡಿ ಇದ್ದರು. 1924ರ ಆ ಲೀಗ್‌ನ ನಿಯಮ ಉಳಿದಿದ್ದರೆ ಇವರಲ್ಲಿ ಒಬ್ಬರಿಗೂ ಅಂಗಳಕ್ಕಿಳಿಯುವ ಭಾಗ್ಯ ಇರುತ್ತಿರಲಿಲ್ಲ.

ಉರುಗ್ವೆಯ ಆ ಹಳೆಯ ಕೊಂಡಿ ಇಂದಿಗೂ ಜೀವಂತವಾಗಿದೆ. ಅಲ್ಲಿ ಆರರಿಂದ ಹದಿಮೂರು ವರ್ಷದ ಮಕ್ಕಳ ಲೀಗ್‌ಗಳಿಗೆ ‘ಬೇಬಿ ಫುಟ್‌ಬಾಲ್’ ಎನ್ನುತ್ತಾರೆ. ಬಡಾವಣೆಗೊಂದು ಕ್ಲಬ್, ವಾರಾಂತ್ಯಕ್ಕೊಂದು ಪಂದ್ಯ, ನಡೆಸುವವರು ಬಹುಪಾಲು ನೆರೆಹೊರೆಯವರೇ. ಲೂಯಿಸ್ ಸುವಾರೆಜ್ ಮತ್ತು ಎಡಿನ್ಸನ್ ಕವಾನಿ ಇಬ್ಬರೂ ಹುಟ್ಟಿದ್ದು ಸಾಲ್ಟೊ ಎಂಬ ಒಂದೇ ಊರಿನಲ್ಲಿ, 1987ರಲ್ಲಿ. 2006ರಲ್ಲಿ ತಂಡದ ಹೊಣೆ ಹೊತ್ತ ಆಸ್ಕರ್ ತಬಾರೆಜ್ ಹಿಂದೆ ಶಾಲಾ ಮಾಸ್ತರರಾಗಿದ್ದವರು. ಎಲ್ಲ ವಯೋಮಾನದ ರಾಷ್ಟ್ರೀಯ ತಂಡಗಳನ್ನೂ ಒಂದೇ ಯೋಜನೆಯ ಕೆಳಗೆ ತಂದು, 2021ರವರೆಗೆ ಅವರೇ ನಡೆಸಿದರು. 2010ರ ವಿಶ್ವಕಪ್‌ನಲ್ಲಿ ಉರುಗ್ವೆ ನಾಲ್ಕನೆಯ ಸ್ಥಾನಕ್ಕೆ ಬಂತು, ಮರುವರ್ಷ ಕೋಪಾ ಅಮೆರಿಕ ಗೆದ್ದಿತು. ಒಬ್ಬ ಕೋಚ್‌ಗೆ ಹದಿನೈದು ವರ್ಷ ಕೊಡುವ ತಾಳ್ಮೆ ಎಷ್ಟು ಸಂಘಗಳಿಗಿದೆ?

ಒಳ್ಳೆಯ ಎದುರಾಳಿಯ ಜೊತೆ ಮತ್ತೆ ಮತ್ತೆ ಆಡುವುದೂ ಕಲಿಕೆಯೇ. ಉರುಗ್ವೆ ಮತ್ತು ಅರ್ಜೆಂಟೀನಾ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ನದಿಯ ಆಚೆ ಈಚೆ ನಿಂತು ಪರಸ್ಪರ ಸೆಣಸುತ್ತಿವೆ. ದಕ್ಷಿಣ ಅಮೆರಿಕಕ್ಕೆ 1916ರಲ್ಲೇ ಖಂಡದ ಟೂರ್ನಿ ಇತ್ತು. ಏಷ್ಯಾಕಪ್ ಶುರುವಾದದ್ದು 1956ರಲ್ಲಿ, ಆಫ್ರಿಕಾದ್ದು 1957ರಲ್ಲಿ. ನಲವತ್ತು ವರ್ಷಗಳ ಈ ಅಂತರವನ್ನು ಒಂದೆರಡು ಟೂರ್ನಿಗಳಲ್ಲಿ ತುಂಬಿಕೊಳ್ಳಲಾಗದು. ಏಕೆಂದರೆ ಸೋಲುವುದು ಹೇಗೆ, ಕೊನೆಯ ಹತ್ತು ನಿಮಿಷ ಮುನ್ನಡೆ ಕಾಯ್ದುಕೊಳ್ಳುವುದು ಹೇಗೆ ಎಂಬುದೆಲ್ಲ ಕೋಚ್‌ಗಳ ತಲೆಯಲ್ಲಿ, ರೆಫರಿಗಳ ತಲೆಯಲ್ಲಿ, ಕೊನೆಗೆ ಪ್ರೇಕ್ಷಕರ ತಲೆಯಲ್ಲೂ ನಿಧಾನವಾಗಿ ಜಮೆಯಾಗುವ ಜ್ಞಾನ.

ಈ ಜ್ಞಾನ ಕಡಿದುಹೋದರೆ ಏನಾಗುತ್ತದೆ ಎಂಬುದನ್ನು ಹಂಗೇರಿ ತೋರಿಸಿದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಫುಟ್‌ಬಾಲ್ ಲೋಕದ ಮೇಲಿರುವ ಹಂಗೇರಿಯ ಋಣ ಬಹಳ ದೊಡ್ಡದು. ಮೊದಲ ಮಹಾಯುದ್ಧದ ಕಾಲದಲ್ಲಿ ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ಕೋಚ್ ಬುಡಾಪೆಸ್ಟ್‌ನ ಎಂಟಿಕೆ ಕ್ಲಬ್‌ನಲ್ಲಿ ಚೆಂಡನ್ನು ಹತೋಟಿಯಲ್ಲಿಟ್ಟು, ಪಾಸ್ ಮಾಡಿ ಆಡುವುದನ್ನು ಕಲಿಸಿದರು. ಅಲ್ಲಿಂದ ಹಂಗೇರಿಯ ಕೋಚ್‌ಗಳು, ಅವರಲ್ಲಿ ಯಹೂದಿಗಳು ಬಹಳ ಜನ, ಜಗತ್ತಿಡೀ ಹರಡಿದರು. ಅರ್ಪಾದ್ ವೈಸ್ ಇಟಲಿಯಲ್ಲಿ ಇಂಟರ್ ಮತ್ತು ಬೊಲೊನ್ಯ ಕ್ಲಬ್‌ಗಳಿಗೆ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. 1934 ಮತ್ತು 1938ರ ವಿಶ್ವಕಪ್‌ಗಳನ್ನು ಇಟಲಿಗೆ ಗೆದ್ದುಕೊಟ್ಟ ತಂಡಗಳ ತಾರೆ ಜುಸೆಪ್ಪೆ ಮೆಯಾಟ್ಸನನ್ನು ಹದಿಹರೆಯದಲ್ಲೇ ಗುರುತಿಸಿ ಆಡಿಸಿದವರು ಅವರು. 1938ರಲ್ಲಿ ಅದೇ ಇಟಲಿಯ ಜನಾಂಗೀಯ ಕಾನೂನುಗಳು ಅವರನ್ನು ಹೊರಗಟ್ಟಿದವು. ವೈಸ್ 1944ರಲ್ಲಿ ಆಶ್ವಿಟ್ಸ್‌ನಲ್ಲಿ ಸತ್ತರು. ಅಂಥದೇ ಇನ್ನೊಬ್ಬ ಕೋಚ್ ಬೇಲಾ ಗಟ್ಮನ್ ಬದುಕುಳಿದರು. 1957ರಲ್ಲಿ ಅವರು ಬ್ರೆಜಿಲ್‌ನ ಸಾವೊ ಪಾಲೊ ಕ್ಲಬ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು. ಅದೇ ಕ್ಲಬ್‌ನಲ್ಲಿದ್ದ ವಿಸೆಂಟ್ ಫಿಯೋಲಾ ಮರುವರ್ಷ ವಿಶ್ವಕಪ್ ಗೆದ್ದ ಬ್ರೆಜಿಲ್‌ನ ಕೋಚ್. ಆ ತಂಡ ವೈದ್ಯ, ದಂತವೈದ್ಯ, ಮನಶ್ಶಾಸ್ತ್ರಜ್ಞರನ್ನೂ ಸಿದ್ಧತೆಯಲ್ಲಿ ಸೇರಿಸಿಕೊಂಡಿತ್ತು. ಬ್ರೆಜಿಲ್ ಆಟವೆಲ್ಲ ಸಮುದ್ರದಂಡೆಯಲ್ಲಿ ತಾನೇ ತಾನಾಗಿ ಅರಳಿದ್ದು ಎಂದು ನಂಬುವವರು ಈ ಸರಪಳಿಯನ್ನು ನೆನಪಿಡಬೇಕು.

ಹಂಗೇರಿ ಸ್ವತಃ 1953ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಮಣಿಸಿತು. 1954ರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ಎದುರು 2-3ರಿಂದ ಸೋತಿತು. 1956ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಬುಡಾಪೆಸ್ಟ್‌ಗೆ ನುಗ್ಗಿದಾಗ ಹೊನ್ವೆಡ್ ಕ್ಲಬ್ ವಿದೇಶ ಪ್ರವಾಸದಲ್ಲಿತ್ತು. ಅದರ ತಾರೆಗಳಾದ ಪುಶ್ಕಾಶ್, ಕೊಚಿಶ್, ಚಿಬೋರ್ ತಾಯ್ನಾಡಿಗೆ ಮರಳಲಿಲ್ಲ. 1986ರ ನಂತರ ಹಂಗೇರಿ ಒಂದು ವಿಶ್ವಕಪ್‌ಗೂ ಅರ್ಹತೆ ಪಡೆದಿಲ್ಲ. ಮಣ್ಣು ಅದೇ, ಜನ ಅದೇ. ಕಲಿಸುವವರನ್ನು ಕೊಂದರು, ಓಡಿಸಿದರು. ಸರಪಳಿ ಕಡಿಯಿತು.

ಕಡಿದದ್ದನ್ನು ಮತ್ತೆ ಬೆಸೆದ ದೇಶ ಜರ್ಮನಿ. 2000ದ ಯುರೋ ಟೂರ್ನಿಯಲ್ಲಿ ಅದು ಗುಂಪಿನ ಕೊನೆಯ ಸ್ಥಾನಕ್ಕೆ ಕುಸಿಯಿತು. ಸಂಘ ಒಬ್ಬ ಕೋಚ್‌ನ ತಲೆದಂಡ ಪಡೆದು ಸುಮ್ಮನಾಗಲಿಲ್ಲ. ಬುಂಡೆಸ್‌ಲೀಗದ ಪ್ರತಿ ಕ್ಲಬ್ ಮಕ್ಕಳ ಅಕಾಡೆಮಿ ನಡೆಸಲೇಬೇಕೆಂಬ ನಿಯಮ ತಂದಿತು. ದೇಶದುದ್ದಕ್ಕೂ ಮುನ್ನೂರಕ್ಕೂ ಹೆಚ್ಚು ತರಬೇತಿ ಕೇಂದ್ರಗಳನ್ನು ತೆರೆದು, ಕ್ಲಬ್ ಅಕಾಡೆಮಿಗಳ ಕಣ್ಣಿಗೆ ಬೀಳದ ಮಕ್ಕಳಿಗೂ ಸಂಬಳದ ಕೋಚ್‌ಗಳು ಸಿಗುವಂತೆ ಮಾಡಿತು. ಅದೇ 2000ದಲ್ಲಿ ಜಾರಿಗೆ ಬಂದ ಪೌರತ್ವ ಕಾನೂನು, ರಕ್ತಸಂಬಂಧವೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದ ಹಳೆಯ ಪದ್ಧತಿಯನ್ನು ಸಡಿಲಿಸಿತು. 2014ರಲ್ಲಿ ಬ್ರೆಜಿಲ್ ನೆಲದಲ್ಲೇ ಬ್ರೆಜಿಲ್ ತಂಡವನ್ನು 7-1ರಿಂದ ಸೋಲಿಸಿ ಕಪ್ ಗೆದ್ದ ತಂಡದಲ್ಲಿ ಟರ್ಕಿ ಮೂಲದ ಓಝಿಲ್, ಟ್ಯುನಿಷಿಯಾ ಮೂಲದ ಖೆದಿರಾ, ಘಾನಾ ಮೂಲದ ಬೋಟೆಂಗ್ ಇದ್ದರು. 2018 ಮತ್ತು 2022ರಲ್ಲಿ ಇದೇ ಜರ್ಮನಿ ಗುಂಪು ಹಂತದಲ್ಲೇ ಹೊರಬಿತ್ತು. ಸಿರಿ ಬಂದ ಮನೆಯಲ್ಲಿ ಅದು ತಾನಾಗಿಯೇ ಉಳಿಯುವುದಿಲ್ಲ.

ಫ್ರಾನ್ಸ್ ಕಥೆಯೂ ಇದಕ್ಕೆ ಹತ್ತಿರ. 1990 ಮತ್ತು 1994ರ ವಿಶ್ವಕಪ್‌ಗಳಿಗೆ ಅರ್ಹತೆಯನ್ನೇ ಪಡೆಯದ ದೇಶ 1998ರಲ್ಲಿ ಗೆದ್ದಿತು, 2018ರಲ್ಲಿ ಮತ್ತೆ ಗೆದ್ದಿತು. 1988ರಲ್ಲಿ ತೆರೆದ ಕ್ಲೇರ್‌ಫೊಂಟೇನ್ ತರಬೇತಿ ಕೇಂದ್ರದ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು ಪ್ಯಾರಿಸ್ ಹೊರವಲಯದ ವಲಸಿಗರ ಬಡಾವಣೆಗಳ ಸಣ್ಣ ಕ್ಲಬ್‌ಗಳಲ್ಲಿ. ಬೊಂಡಿ ಎಂಬ ಅಂಥ ಊರಿನ ಕ್ಲಬ್‌ನಲ್ಲಿ ಕಿಲಿಯನ್ ಎಂಬಾಪೆಯ ಅಪ್ಪನೇ ಕೋಚ್ ಆಗಿದ್ದರು. ಹಗಲು ರಾಜಕಾರಣಿಗಳು ಆ ಬಡಾವಣೆಗಳನ್ನು ದೇಶದ ಸಮಸ್ಯೆ ಎಂದು ಬೈಯುತ್ತಾರೆ. ಸಂಜೆ ಅದೇ ದೇಶ ಅಲ್ಲಿನ ಮಕ್ಕಳ ಕಾಲಿನಿಂದ ಗೆಲ್ಲುತ್ತದೆ.

ಇಲ್ಲಿಗೆ ನಿಲ್ಲಿಸಿದರೆ ಗೆದ್ದವರನ್ನು ಹೊಗಳಿದಂತಾಗುತ್ತದೆ, ಅಷ್ಟೆ. ಗೆಲ್ಲುವವರ ಪಟ್ಟಿ ಹೀಗೇ ಉಳಿಯಲು ಆಟದ ಆಡಳಿತವೂ ಕಾರಣ. 1966ರ ವಿಶ್ವಕಪ್‌ಗೆ ಫಿಫಾ ಆಫ್ರಿಕಾ, ಏಷ್ಯಾ, ಓಷಿಯಾನಿಯಾ ಮೂರಕ್ಕೂ ಸೇರಿಸಿ ಒಂದೇ ಒಂದು ಸ್ಥಾನ ಕೊಟ್ಟಿತ್ತು. ಆಗ ತಾನೇ ಸ್ವತಂತ್ರವಾಗಿದ್ದ ಆಫ್ರಿಕಾದ ದೇಶಗಳು ಘಾನಾದ ಮುಂದಾಳತ್ವದಲ್ಲಿ ಬಹಿಷ್ಕಾರ ಹಾಕಿದವು. ಆ ಹೋರಾಟದಿಂದಲೇ 1970ರಲ್ಲಿ ಆಫ್ರಿಕಾಕ್ಕೆ ಒಂದು ಖಾಯಂ ಸ್ಥಾನ ಸಿಕ್ಕಿತು. 1982ರಲ್ಲಿ ಏನಾಯಿತು ನೋಡಿ. ಕ್ಯಾಮರೂನ್ ಮತ್ತು ಇಟಲಿ ಒಂದೇ ಗುಂಪಿನಲ್ಲಿದ್ದವು. ಎರಡೂ ಮೂರು ಮೂರು ಪಂದ್ಯ ಡ್ರಾ ಮಾಡಿಕೊಂಡವು. ಇಟಲಿ ಎರಡು ಗೋಲು ಹೊಡೆದಿತ್ತು, ಕ್ಯಾಮರೂನ್ ಒಂದು. ಅಷ್ಟರಿಂದಲೇ ಇಟಲಿ ಮುಂದೆ ಹೋಯಿತು. ಇನ್ನೊಂದು ಗುಂಪಿನಲ್ಲಿ ಅಲ್ಜೀರಿಯಾ ಪಶ್ಚಿಮ ಜರ್ಮನಿಯನ್ನು 2-1ರಿಂದ ಸೋಲಿಸಿತು. ಕೊನೆಯ ಪಂದ್ಯದಲ್ಲಿ ಪಶ್ಚಿಮ ಜರ್ಮನಿ ಒಂದು ಗೋಲಿನಿಂದ ಗೆದ್ದರೆ ತಾನೂ ಎದುರಾಳಿ ಆಸ್ಟ್ರಿಯಾವೂ ಮುಂದಿನ ಸುತ್ತಿಗೆ ಹೋಗುವ ಲೆಕ್ಕವಿತ್ತು. ಮೊದಲ ಹತ್ತು ನಿಮಿಷದಲ್ಲೇ ಜರ್ಮನ್ನರು ಒಂದು ಗೋಲು ಹೊಡೆದರು. ಉಳಿದ ಹೊತ್ತು ಎರಡೂ ತಂಡ ಆಡುವುದನ್ನೇ ಬಿಟ್ಟು ಚೆಂಡನ್ನು ಅತ್ತಿತ್ತ ತಳ್ಳುತ್ತ ಕಾಲ ಕಳೆದವು. ಅಲ್ಜೀರಿಯಾ ಮನೆಗೆ ಹೋಯಿತು. ಆ ವಿಶ್ವಕಪ್‌ನ ಫೈನಲ್ ಆಡಿದ್ದು ಯಾರು? ಇಟಲಿ ಮತ್ತು ಪಶ್ಚಿಮ ಜರ್ಮನಿ. ಇಟಲಿ ಗೆದ್ದಿತು. ಅಭೇದ್ಯ ಎಂದು ಕಾಣುವ ಕೋಟೆಯ ಗೋಡೆ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಅದೃಷ್ಟದ ಪಾಲೂ ಇದೆ, ಒಪ್ಪೋಣ. ಮೂರು ಫೈನಲ್ ಆಡಿ ಮೂರನ್ನೂ ಸೋತ ನೆದರ್ಲೆಂಡ್ಸ್ ಯಾವ ಚಾಂಪಿಯನ್ನರಿಗೂ ಕಡಿಮೆಯದಲ್ಲ.

ರಕ್ತ, ಮಣ್ಣು ಎಂಬ ವಾದಕ್ಕೆ ಕೊನೆಯ ಉತ್ತರ ಮಹಿಳೆಯರ ಫುಟ್‌ಬಾಲ್‌ನಲ್ಲಿದೆ. ಅಲ್ಲಿ ವಿಶ್ವಕಪ್ಪನ್ನು ಅತಿ ಹೆಚ್ಚು ಸಲ, ನಾಲ್ಕು ಸಲ, ಗೆದ್ದ ದೇಶ ಅಮೆರಿಕ. ಬ್ರೆಜಿಲ್ ಒಮ್ಮೆಯೂ ಗೆದ್ದಿಲ್ಲ. ರಕ್ತವೇ ಕಾರಣವಾಗಿದ್ದರೆ ಬ್ರೆಜಿಲ್‌ನ ಅಕ್ಕತಂಗಿಯರಿಗೆ ಅದು ಹರಿಯಲಿಲ್ಲವೇ? ನಿಜವಾದ ಕಾರಣ ಕಾನೂನಿನ ಪುಸ್ತಕದಲ್ಲಿದೆ. ಬ್ರೆಜಿಲ್‌ನಲ್ಲಿ 1941ರಿಂದ 1979ರವರೆಗೆ ಹೆಂಗಸರು ಫುಟ್‌ಬಾಲ್ ಆಡುವುದನ್ನು ಸರ್ಕಾರವೇ ನಿಷೇಧಿಸಿತ್ತು. ಇಂಗ್ಲೆಂಡ್‌ನಲ್ಲಿ 1920ರ ಡಿಸೆಂಬರ್‌ನಲ್ಲಿ ಮಹಿಳೆಯರ ಒಂದು ಪಂದ್ಯಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮರುವರ್ಷವೇ ಅಲ್ಲಿನ ಸಂಘ ತನ್ನ ಮೈದಾನಗಳಿಂದ ಅವರನ್ನು ಹೊರಹಾಕಿತು, 1971ರವರೆಗೆ ಒಳಗೆ ಬಿಡಲಿಲ್ಲ. ಪಶ್ಚಿಮ ಜರ್ಮನಿಯೂ 1955ರಿಂದ 1970ರವರೆಗೆ ಹಾಗೆಯೇ ಮಾಡಿತು. ಅಮೆರಿಕದಲ್ಲಿ 1972ರ ‘ಟೈಟಲ್ ನೈನ್’ ಕಾನೂನು, ಸರ್ಕಾರಿ ನೆರವು ಪಡೆಯುವ ಶಾಲೆ ಕಾಲೇಜುಗಳು ಹೆಣ್ಣುಮಕ್ಕಳಿಗೆ ತಾರತಮ್ಯ ಮಾಡಬಾರದೆಂದು ಹೇಳಿತು. ಹತ್ತೊಂಬತ್ತು ವರ್ಷ ಕಳೆದು, 1991ರ ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕ ಗೆದ್ದಿತು. ಈಗ ಯುರೋಪ್ ಬಾಗಿಲು ತೆರೆದು ಹಣ ಹಾಕುತ್ತಿದೆ. ಫಲವೂ ಬಂದಿದೆ: 2022 ಮತ್ತು 2025ರ ಯುರೋ ಇಂಗ್ಲೆಂಡ್‌ನ ಮಹಿಳೆಯರಿಗೆ, 2023ರ ವಿಶ್ವಕಪ್ ಸ್ಪೇನ್‌ಗೆ.

ಇವತ್ತಿನ ಒಂದು ಆತಂಕವನ್ನು ಹೇಳಲೇಬೇಕು. ಕಲಿಸುವ ಸರಪಳಿಯ ಮೇಲಿನ ಕೊಂಡಿಗಳೆಲ್ಲ ಈಗ ಪಶ್ಚಿಮ ಯುರೋಪಿನಲ್ಲಿ ಸೇರಿಕೊಂಡಿವೆ. 1995ರ ಬೋಸ್ಮನ್ ತೀರ್ಪಿನ ನಂತರ ಆಟಗಾರರ ಓಡಾಟ ಸಲೀಸಾಯಿತು, ಟಿವಿ ಹಣ ಕೆಲವೇ ಲೀಗ್‌ಗಳಲ್ಲಿ ತುಂಬಿತು. 2002ರಲ್ಲಿ ಗೆದ್ದ ಬ್ರೆಜಿಲ್ ಆಮೇಲಿನ ಐದು ವಿಶ್ವಕಪ್‌ಗಳಲ್ಲೂ ನಾಕೌಟ್‌ನಲ್ಲಿ ಸೋತದ್ದು ಯುರೋಪಿನ ತಂಡಗಳಿಗೇ: ಫ್ರಾನ್ಸ್, ನೆದರ್ಲೆಂಡ್ಸ್, ಜರ್ಮನಿ, ಬೆಲ್ಜಿಯಂ, ಕ್ರೊಯೇಷಿಯಾ. 2022ರಲ್ಲಿ ಗೆದ್ದ ಅರ್ಜೆಂಟೀನಾದ ಆಟಗಾರರಲ್ಲಿ ಬಹುತೇಕ ಎಲ್ಲರೂ ಯುರೋಪಿನ ಕ್ಲಬ್‌ಗಳಲ್ಲಿದ್ದವರು. ಮೆಸ್ಸಿ ಬಾರ್ಸಿಲೋನಾ ಸೇರಿದ್ದೇ ಹದಿಮೂರನೆಯ ವಯಸ್ಸಿನಲ್ಲಿ. ಮೊರಾಕ್ಕೊ ಇದನ್ನು ಅರ್ಥಮಾಡಿಕೊಂಡು ಎರಡು ದಾರಿ ಹಿಡಿಯಿತು. ಯುರೋಪಿನಲ್ಲಿ ಹುಟ್ಟಿ ಕಲಿತ ತನ್ನ ವಲಸಿಗರ ಮಕ್ಕಳನ್ನು ಕರೆಸಿಕೊಂಡಿತು. 2022ರ ತಂಡದ 26 ಆಟಗಾರರಲ್ಲಿ 14 ಮಂದಿ ಹೊರಗೆ ಹುಟ್ಟಿದವರು. ಜೊತೆಗೆ ರಬಾತ್ ಸಮೀಪದ ಸಲೇ ಪಟ್ಟಣದಲ್ಲಿ ಅಕಾಡೆಮಿ ಕಟ್ಟಿತು. ಕ್ವಾರ್ಟರ್‌ಫೈನಲ್‌ನಲ್ಲಿ ಪೋರ್ಚುಗಲ್ ಎದುರು ಗೆಲುವಿನ ಗೋಲು ಹೊಡೆದ ಎನ್-ನೆಸೈರಿ ಅಲ್ಲಿ ಕಲಿತವನು. 2025ರಲ್ಲಿ ಅರ್ಜೆಂಟೀನಾವನ್ನು ಸೋಲಿಸಿ 20 ವರ್ಷದೊಳಗಿನವರ ವಿಶ್ವಕಪ್ಪನ್ನೂ ಮೊರಾಕ್ಕೊ ಗೆದ್ದಿತು. ಎಂಟರ ಪಟ್ಟಿಗೆ ಒಂಬತ್ತನೆಯ ಹೆಸರು ಸೇರುವುದಾದರೆ ಅದು ಇಂಥ ದೇಶದ್ದೇ ಆಗಿರುತ್ತದೆ.

ನಮ್ಮಲ್ಲೂ ಒಂದು ಸರಪಳಿ ಇತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು 1-2ರಿಂದ ಸೋತ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದ ಅಹಮದ್ ಖಾನ್ ಕೂಡ ಬೆಂಗಳೂರಿನವರು. ಮೈಸೂರು ತಂಡ 1946-47ರಿಂದ 1968-69ರೊಳಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು. ಐದನೆಯದಕ್ಕೆ ಕರ್ನಾಟಕ 2023ರವರೆಗೆ ಕಾಯಬೇಕಾಯಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೂಡ ತಬಾರೆಜ್ ಹಾಗೆ ಶಾಲಾ ಮಾಸ್ತರರು. ಅವರ ಕೈಯಲ್ಲಿ ಭಾರತ 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು, 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯದಾಯಿತು, 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ ಗೆದ್ದಿತು. ಮರುವರ್ಷ ರಹೀಂ ತೀರಿಕೊಂಡರು. ಅವರು ಕಲಿಸಿದ್ದನ್ನು ಮುಂದಿನವರಿಗೆ ದಾಟಿಸುವ ಏರ್ಪಾಡನ್ನು ನಾವು ಮಾಡಲೇ ಇಲ್ಲ. ಅಂದು ನಮ್ಮೆದುರು ಸೋತ ದಕ್ಷಿಣ ಕೊರಿಯಾ 1983ರಲ್ಲಿ ವೃತ್ತಿಪರ ಲೀಗ್ ಕಟ್ಟಿತು, 1986ರಿಂದ ಈಚೆಗೆ ಒಂದು ವಿಶ್ವಕಪ್ಪನ್ನೂ ತಪ್ಪಿಸಿಕೊಂಡಿಲ್ಲ. ಭಾರತ ಇನ್ನೂ ಒಂದನ್ನೂ ಆಡಿಲ್ಲ.

ಆದ್ದರಿಂದ ದೊಡ್ಡ ಕ್ರೀಡಾಂಗಣದ ಶಂಕುಸ್ಥಾಪನೆಯನ್ನೋ ವಿದೇಶಿ ತಾರೆಯ ಭೇಟಿಯನ್ನೋ ನೋಡಿ ಹಿಗ್ಗಬೇಡಿ. ನಿಮ್ಮ ತಾಲ್ಲೂಕಿನಲ್ಲಿ ಹತ್ತು ವರ್ಷದ ಹುಡುಗ, ಹತ್ತು ವರ್ಷದ ಹುಡುಗಿ ವರ್ಷಕ್ಕೆ ಎಷ್ಟು ಪಂದ್ಯ ಆಡುತ್ತಾರೆ, ಅವರಿಗೆ ಕಲಿಸುವವರು ಯಾರು, ಆ ಕಲಿಸುವವರಿಗೆ ತಿಂಗಳ ಸಂಬಳ ಬರುತ್ತದೆಯೇ ಎಂದು ನಿಮ್ಮ ಶಾಸಕರನ್ನು, ಕ್ರೀಡಾ ಇಲಾಖೆಯನ್ನು ಕೇಳಿ. ಉತ್ತರ ಸಿಗುವ ತನಕ ಕೇಳುತ್ತಲೇ ಇರಿ.